ಕಣದ ಮಾತಿಗೆ ಬೆಳಕಿನ ತರ್ಜುಮೆ



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ವಿಜ್ಞಾನದ ವಿಷಯದಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ಆದರೆ ನಾನು ಹೇಳಹೊರಟಿರುವುದು ಒಂದು ತರ್ಜುಮೆಯ ಕಥೆಯನ್ನೇ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ, ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅಲ್ಲಿ ಪ್ರೋಟಾನುಗಳ ಡಿಕ್ಕಿಯಿಂದ ಚಿಮ್ಮುವ ಕಣಗಳನ್ನು ಗುರುತಿಸಲು ಸಿ.ಎಂ.ಎಸ್. ಎಂಬ ದೊಡ್ಡ ಉಪಕರಣವನ್ನು ಕಟ್ಟಿದರು. ಅದರೊಳಗೆ ಸುಮಾರು 200 ಚದರ ಮೀಟರ್ ಸಿಲಿಕಾನ್ ಹೊದಿಸಿದರು.

ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪದ ಸಿಲಿಕಾನ್ ಬಿಲ್ಲೆಯನ್ನು ಕಣವೊಂದು ದಾಟಿದಾಗ 20,000ಕ್ಕೂ ಹೆಚ್ಚು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಇದೇ ವಿದ್ಯುತ್ತಿನ ಒಂದು ಪುಟ್ಟ ಮಿಡಿತ. ಇದನ್ನು ಹತ್ತಾರು ಮೀಟರ್ ಆಚೆಗಿನ ಕೋಣೆಗೆ ಮುಟ್ಟಿಸಬೇಕು. ತಾಮ್ರದ ತಂತಿ ಭಾರ. ಹೊರಗಿನ ವಿದ್ಯುತ್ ಗದ್ದಲವೂ ಅದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಮಿಡಿತವನ್ನು ವರ್ಧಿಸಿ ಲೇಸರ್ ಡಯೋಡಿಗೆ ಕೊಟ್ಟರು. ಮಿಡಿತ ಸಣ್ಣದಾದರೆ ಬೆಳಕು ಕಡಿಮೆ, ದೊಡ್ಡದಾದರೆ ಬೆಳಕು ಹೆಚ್ಚು. ಒಳ್ಳೆಯ ತರ್ಜುಮೆಯ ಹಾಗೆ ಅರ್ಥ ಕೆಡುವುದಿಲ್ಲ. 1310 ನ್ಯಾನೊಮೀಟರ್ ತರಂಗದ ಆ ಬೆಳಕು ನಮ್ಮ ಕಣ್ಣಿಗೆ ಕಾಣದು. ಅದು ಸುಮಾರು 40,000 ಗಾಜಿನ ಎಳೆಗಳಲ್ಲಿ ಹರಿದು, ಆಚೆ ತುದಿಯಲ್ಲಿ ಮತ್ತೆ ವಿದ್ಯುತ್ತಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಣವನ್ನು ಚೆನ್ನಾಗಿ ಗ್ರಹಿಸುವ ಸಿಲಿಕಾನಿಗೆ ಬೆಳಕು ಚೆಲ್ಲುವ ಶಕ್ತಿ ಬಹಳ ಕಡಿಮೆ. ಅದಕ್ಕಾಗಿ ಲೇಸರನ್ನು ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕಗಳ ಅರೆವಾಹಕದಿಂದ ಮಾಡಿದರು. ಕೇಳುವವನೊಬ್ಬ, ಹೇಳುವವನೊಬ್ಬ, ಇಬ್ಬರೂ ಕೂಡಿದರೆ ಕೆಲಸ. 2012ರ ಜುಲೈ 4ರಂದು ಸಿ.ಎಂ.ಎಸ್. ಮತ್ತು ಅಟ್ಲಾಸ್ ತಂಡಗಳು ಹಿಗ್ಸ್ ಬೋಸಾನಿನ ಶೋಧವನ್ನು ಸಾರಿದಾಗ, ಅದರ ಹಿಂದೆ ಈ ತರ್ಜುಮೆಯೂ ಇತ್ತು.

ಇದು ದೂರದ ದೇಶದ ಮಾತೆಂದು ತಿಳಿಯಬೇಡಿ. ಅದೇ ಸಿ.ಎಂ.ಎಸ್.ನ ಇನ್ನೊಂದು ಭಾಗಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳಲ್ಲಿ ಒಂದು ಪಾಲು ತಯಾರಾದದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದ ಸಹಯೋಗದಲ್ಲಿ.

ಮಕ್ಕಳೇ, ಎಸ್ಸೆಸ್ಸೆಲ್ಸಿ ಮುಗಿಸಿ ಬಂದು, “ಸರ್, ನಮ್ಮದು ಉರ್ದು ಮೀಡಿಯಂ, ಸೈನ್ಸ್ ಆಗೋದಿಲ್ಲ” ಎನ್ನುತ್ತೀರಿ. ಹೆಣ್ಣುಮಕ್ಕಳ ಬಾಯಲ್ಲಂತೂ ಈ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಉರ್ದುವಿನ ಶುಆ, ಕನ್ನಡದ ಕಿರಣ, ಇಂಗ್ಲಿಷಿನ ರೇ ಎಲ್ಲವೂ ಒಂದೇ. ನಿಮಗೆ ಕೊರತೆಯಿರುವುದು ಬುದ್ಧಿಯದಲ್ಲ, ತರ್ಜುಮೆಯದು.

ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಪಿಯುಸಿಗೆ ಸೇರುವ ಮುಂಚಿನ ರಜೆಯಲ್ಲಿ ವಿಜ್ಞಾನದ ಪದಗಳನ್ನು ಮೂರೂ ಭಾಷೆಗಳಲ್ಲಿ ಕಲಿಸುವ ಒಂದು ತರಗತಿಯನ್ನು ಸಂಘ ನಡೆಸಲಿ. ಭಾಷೆಯ ಪಾಠಕ್ಕೆ ನಾನು ಸಿದ್ಧ. ವಿಜ್ಞಾನ ಬಲ್ಲವರು ಜೊತೆಗೂಡಿ.