ಹಾಸಿಗೆಹುಣ್ಣು ಮತ್ತು ಅಸ್ಥಿಯ ಸೋಂಕು



ವ್ರಣವು ನೆಲೆಗೊಳ್ಳುವ ಎಂಟು ಸ್ಥಾನಗಳನ್ನು ಎಣಿಸುವ ಸುಶ್ರುತಾಚಾರ್ಯರು ಚರ್ಮ ಮಾಂಸಗಳೊಡನೆ ಅಸ್ಥಿಯನ್ನೂ ಹೆಸರಿಸಿದ್ದಾರೆ. ಬೆನ್ನುಹುರಿಗೆ ಪೆಟ್ಟು ತಗುಲಿ, ಸೊಂಟದ ಕೆಳಗೆ ಸ್ಪರ್ಶಜ್ಞಾನವನ್ನೂ ಚಲನೆಯನ್ನೂ ಕಳೆದುಕೊಂಡು ಮಲಗಿದವನಲ್ಲಿ ಚರ್ಮಕ್ಕೂ ಅಸ್ಥಿಗೂ ನಡುವಣ ಅಂತರವು ಎಷ್ಟು ಅಲ್ಪವೆಂಬುದು, ಅವನ ತ್ರಿಕಾಸ್ಥಿಯ, ಎಂದರೆ ಬೆನ್ನೆಲುಬಿನ ಬುಡದ ಎಲುಬಿನ, ಮೇಲಣ ಹುಣ್ಣನ್ನು ಒಮ್ಮೆ ತೊಳೆದವರಿಗೆ ವಿದಿತವೇ ಆಗಿದೆ. ಹುಣ್ಣು ಹೊರಗಿನಿಂದ ಒಳಕ್ಕೆ ಕೊರೆಯುತ್ತ ಹೋಗುವುದೆಂದು ಜನರು ಭಾವಿಸುವುದು ಸಹಜ. ಆದರೆ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿ ರಕ್ತಸಂಚಾರವು ನಿಂತಾಗ, ಎಲುಬಿಗೆ ತಾಗಿದ ಮಾಂಸವೇ ಎಷ್ಟೋ ವೇಳೆ ಮೊದಲು ಸಾಯುತ್ತದೆ, ಚರ್ಮವು ಕಪ್ಪಾಗಿ ಬಿರಿಯುವುದು ಅನಂತರ.

ಇಂತಹ ಹುಣ್ಣು ನರಮಂಡಲದ ಗಾಯದಿಂದಲೇ ಹುಟ್ಟುವುದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನರರೋಗತಜ್ಞ ಷಾರ್ಕೋ ಬೋಧಿಸಿದನು. ಅದಕ್ಕೂ ಮುನ್ನವೇ ಶರೀರಕ್ರಿಯಾವಿಜ್ಞಾನಿ ಬ್ರೌನ್-ಸೆಕಾರ್, ಬೆನ್ನುಹುರಿ ಕಡಿದ ಪ್ರಾಣಿಗಳನ್ನು ಒತ್ತಡದಿಂದ ಕಾಪಾಡಿದರೆ ಹುಣ್ಣಾಗದೆಂದು ಪ್ರಯೋಗದಿಂದ ತೋರಿಸಿದ್ದನು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ನರವೈದ್ಯ ಲುಡ್ವಿಗ್ ಗುಟ್‌ಮನ್, ಹಗಲಿರುಳೆನ್ನದೆ 2 ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕ್ರಮವನ್ನು ನಿಷ್ಠೆಯಿಂದ ನಡೆಸಿ, ಅನಿವಾರ್ಯವೆಂದು ಕೈಬಿಟ್ಟಿದ್ದ ವ್ಯಾಧಿಯನ್ನು ನಿವಾರ್ಯವಾಗಿಸಿದರು.

ಈಗ ಪ್ರಕೃತ ವಿಷಯ. ಹುಣ್ಣಿನ ತಳದಲ್ಲಿ ಎಲುಬು ಕಂಡಿತೆಂದರೆ ಎಲುಬಿಗೆ ಸೋಂಕು ತಗುಲಿದೆಯೆಂದೇ ನಿಶ್ಚಯಿಸಲಾಗದು. ಹತ್ತಿಕಡ್ಡಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳುಹಿಸಿದ ಕೀವು, ಮೇಲ್ಮೈಯಲ್ಲಿ ಬೀಡುಬಿಟ್ಟ ಜೀವಾಣುಗಳ ಹೆಸರನ್ನು ಹೇಳೀತೇ ಹೊರತು ಅಸ್ಥಿಯೊಳಗಿನ ಶತ್ರುವನ್ನು ಗುರುತಿಸದು. ಎಂ.ಆರ್.ಐ. ಚಿತ್ರದಲ್ಲಿ ಕಾಣುವ ವಿಕಾರವು ಬರಿಯ ಒತ್ತಡದಿಂದಲೂ ಉಂಟಾಗಬಹುದು. ಎಲುಬಿನ ಚೂರನ್ನೇ ತೆಗೆದು, ಸೂಕ್ಷ್ಮದರ್ಶಕದಿಂದಲೂ ಜೀವಾಣುಗಳ ಕೃಷಿಯಿಂದಲೂ ಪರೀಕ್ಷಿಸುವುದೇ ಇವೆಲ್ಲಕ್ಕಿಂತ ವಿಶ್ವಾಸಾರ್ಹವಾದ ಪ್ರಮಾಣ.

ಪ್ರಮಾಣವು ದೊರೆತ ಮೇಲೂ ಔಷಧವನ್ನು ಬರೆಯುವ ಮುನ್ನ ವೈದ್ಯನು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು: ಈ ಹುಣ್ಣನ್ನು ಮುಚ್ಚುವ ಸಂಕಲ್ಪವಿದೆಯೆ? ಸತ್ತ ಎಲುಬನ್ನು ಕೆತ್ತಿ ತೆಗೆದು, ನೆರೆಯ ಮಾಂಸವನ್ನೂ ಚರ್ಮವನ್ನೂ ಸರಿಸಿ ಗಾಯವನ್ನು ಮುಚ್ಚುವ ಫ್ಲ್ಯಾಪ್ ಶಸ್ತ್ರಕ್ರಿಯೆಯು ನಿಶ್ಚಿತವಾಗಿದ್ದಲ್ಲಿ, ಉಳಿದ ಸೋಂಕಿಗೆ ಸಾಮಾನ್ಯವಾಗಿ 6 ವಾರಗಳವರೆಗೆ ಆಂಟಿಬಯಾಟಿಕ್ ಕೊಡುವುದು ಯುಕ್ತ. ಹುಣ್ಣು ತೆರೆದೇ ಇರುವುದಾದರೆ, ಮಲದ ಸಂಪರ್ಕವೂ ದೇಹದ ಭಾರವೂ ದಿನದಿನವೂ ಅದೇ ಎಲುಬಿನ ಮೇಲೆ ಬೀಳುತ್ತಿದ್ದರೆ, ತಿಂಗಳುಗಟ್ಟಲೆ ಔಷಧ ಸುರಿದೂ ಫಲವಿಲ್ಲ. ಮದ್ದಿಗೆ ಮಣಿಯದ ಜೀವಾಣುಗಳು ಬೆಳೆಯುತ್ತವೆ, ರೋಗಿಯ ಮನೆಯವರ ಹಣ ಕರಗುತ್ತದೆ. ಅಂತಹವನಿಗೆ, ಜ್ವರವೇರಿ ರಕ್ತಕ್ಕೆ ನಂಜು ವ್ಯಾಪಿಸಿದಾಗ ಅಥವಾ ಸುತ್ತಣ ಚರ್ಮವು ಊದಿ ಕೆಂಪೇರಿದಾಗ ಮಾತ್ರ ಅಲ್ಪಕಾಲದ ಔಷಧವನ್ನು ಕೊಟ್ಟು, ಮಿಕ್ಕ ಕಾಲವನ್ನು ಶುಚಿಗೂ ಪೌಷ್ಟಿಕ ಆಹಾರಕ್ಕೂ ಒತ್ತಡದ ನಿವಾರಣೆಗೂ ಮೀಸಲಿಡುವುದೇ ಸತ್ಯವಾದ ಚಿಕಿತ್ಸೆ. ಏನನ್ನೂ ಬರೆದುಕೊಡದೆ ಕಳುಹಿಸಿದನೆಂಬ ಅಪವಾದವು ವೈದ್ಯನಿಗೆ ಬಂದರೆ ಬರಲಿ.

ಶಸ್ತ್ರಕ್ರಿಯೆಯಾದವನೂ ಹಲವು ವಾರಗಳ ಕಾಲ ಆ ಭಾಗದ ಮೇಲೆ ಭಾರ ಹಾಕಕೂಡದು. ಅನಂತರ ಕೆಲವೇ ನಿಮಿಷಗಳಿಂದ ಆರಂಭಿಸಿ ಕ್ರಮಕ್ರಮವಾಗಿ ಕುಳಿತುಕೊಳ್ಳುವ ಅಭ್ಯಾಸವಾಗಬೇಕು. ಮಗ್ಗುಲು ಬದಲಿಸುವ ರೀತಿಯನ್ನು ರೋಗಿಯ ತಾಯಿಗೋ ಹೆಂಡತಿಗೋ ಕೈಹಿಡಿದು ಕಲಿಸದೆ, ಕನ್ನಡಿ ಹಿಡಿದು ಪ್ರತಿದಿನವೂ ತನ್ನ ಚರ್ಮವನ್ನು ತಾನೇ ನೋಡಿಕೊಳ್ಳುವುದನ್ನು ರೋಗಿಗೆ ರೂಢಿ ಮಾಡಿಸದೆ, ಹೊಲಿಗೆ ಬಿಚ್ಚಿದೊಡನೆ ಅವನನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವ ಪದ್ಧತಿಯನ್ನು ನಾನು ಎಂದೆಂದಿಗೂ ಒಪ್ಪಲಾರೆ.