ಯುದ್ಧ ಮತ್ತು ಹಲಗೆ-ಬಳಪ



ಕುರುಕ್ಷೇತ್ರದ ಯುದ್ಧ ಹದಿನೆಂಟು ದಿನಗಳಲ್ಲಿ ಮುಗಿಯಿತೆಂದು ನಾವು ಹೇಳುವುದುಂಟು. ಆದರೆ ವ್ಯಾಸರು ಕಥೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಅಂದಿನ ರಾತ್ರಿ ಅಶ್ವತ್ಥಾಮನು ನಿದ್ದೆಯಲ್ಲಿದ್ದ ಪಾಳೆಯವನ್ನು ಹೊಕ್ಕು ದ್ರೌಪದಿಯ ಐವರು ಮಕ್ಕಳನ್ನು ಕೊಂದನು. ಬಳಿಕ ಅವನ ಅಸ್ತ್ರವು ಉತ್ತರೆಯ ಗರ್ಭದಲ್ಲಿದ್ದ ಶಿಶುವನ್ನೂ ಅರಸಿ ಹೋಯಿತು. ಹಿರಿಯರು ಹೂಡಿದ ಯುದ್ಧ ಕಟ್ಟಕಡೆಗೆ ಮಕ್ಕಳ ತಲೆಯ ಮೇಲೆರಗುತ್ತದೆ ಎಂಬುದನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು.

ಆಧುನಿಕ ಯುದ್ಧವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಗುವಿನ ಪ್ರಾಣ ಉಳಿದರೂ ಅದರ ಓದನ್ನು ಅದು ಕಿತ್ತುಕೊಳ್ಳುತ್ತದೆ. ಶಾಲೆಗಳು ಮುಚ್ಚುವುದು ಯುದ್ಧದ ಗಲಿಬಿಲಿಯಲ್ಲಿ ಆಗಿಹೋಗುವ ಆಕಸ್ಮಿಕವೆಂದೇ ನಾವು ಭಾವಿಸುತ್ತೇವೆ. ಎಷ್ಟೋ ವೇಳೆ ಅದು ಗೆದ್ದವನು ಬುದ್ಧಿಪೂರ್ವಕವಾಗಿ ಮಾಡುವ ಕೆಲಸ. ಎರಡನೆಯ ಮಹಾಯುದ್ಧ ಕಾಲದ ಪೋಲೆಂಡ್ ಇದಕ್ಕೆ ಸಾಕ್ಷಿ.

ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯಬೇಕಾಗಿದ್ದ ಹೊತ್ತಿನಲ್ಲಿ, 1939ರ ಸೆಪ್ಟೆಂಬರ್ 1ರಂದು, ಜರ್ಮನ್ ಸೇನೆ ಆ ದೇಶವನ್ನು ಹೊಕ್ಕಿತು. ನವೆಂಬರ್ 6ರಂದು ಕ್ರಾಕೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರನ್ನು ಉಪನ್ಯಾಸವೊಂದರ ನೆಪದಲ್ಲಿ ಸಭೆಗೆ ಕರೆದು, ಅಲ್ಲಿಂದಲೇ ಸೆರೆಹಿಡಿದು ಒಯ್ದರು. ವಿಶ್ವವಿದ್ಯಾನಿಲಯಗಳಿಗೂ ಪ್ರೌಢಶಾಲೆಗಳಿಗೂ ಬೀಗ ಬಿತ್ತು. ಉಳಿದ ಪ್ರಾಥಮಿಕ ಶಾಲೆಗಳಲ್ಲಿ ಪೋಲೆಂಡಿನ ಚರಿತ್ರೆಯನ್ನಾಗಲಿ ಸಾಹಿತ್ಯವನ್ನಾಗಲಿ ಕಲಿಸಕೂಡದೆಂದಾಯಿತು. 1940ರ ಮೇ ತಿಂಗಳಲ್ಲಿ ಹಿಮ್ಲರ್ ಸಿದ್ಧಪಡಿಸಿದ ಟಿಪ್ಪಣಿಯೊಂದು ಇದರ ಹಿಂದಿನ ಮನಸ್ಸನ್ನು ತೆರೆದು ತೋರಿಸುತ್ತದೆ. ಪೂರ್ವದ ಜನಗಳ ಮಕ್ಕಳಿಗೆ ನಾಲ್ಕು ತರಗತಿಗಳ ಶಾಲೆ ಸಾಕು; ಹೆಚ್ಚೆಂದರೆ ಐನೂರರವರೆಗೆ ಎಣಿಸುವುದನ್ನೂ ತಮ್ಮ ಹೆಸರನ್ನು ಬರೆಯುವುದನ್ನೂ ಜರ್ಮನರಿಗೆ ವಿಧೇಯರಾಗಿ ನಡೆಯುವುದನ್ನೂ ಕಲಿಸಬೇಕು; ಓದಲು ಕಲಿಸುವುದು ಅನಾವಶ್ಯಕ - ಇದು ಅದರ ಸಾರ. ಹೆಸರು ಬರೆಯಲು ಬರಬೇಕು, ಓದಲು ಬರಬಾರದು! ಒಡೆಯನ ಕಾಗದಕ್ಕೆ ರುಜು ಹಾಕಬೇಕು, ಅದರಲ್ಲಿ ಏನು ಬರೆದಿದೆಯೆಂದು ತಿಳಿಯಬಾರದು. ಗುಲಾಮಗಿರಿಯ ಪಠ್ಯಕ್ರಮವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾರೂ ಬರೆದಿರಲಾರರು.

ಇದಕ್ಕೆ ಪೋಲೆಂಡಿನ ಉಪಾಧ್ಯಾಯರು ಕೊಟ್ಟ ಉತ್ತರವೆಂದರೆ ಗುಪ್ತ ಪಾಠಶಾಲೆ. ಯಾರದೋ ಮನೆಯ ಅಡುಗೆಯ ಕೋಣೆಯಲ್ಲಿ ನಾಲ್ಕಾರು ಮಕ್ಕಳು ಸೇರುವರು. ಮರುದಿನ ಇನ್ನೊಂದು ಮನೆ. ನಿಷಿದ್ಧವಾದ ಚರಿತ್ರೆಯನ್ನೂ ಕಾವ್ಯವನ್ನೂ ಅಲ್ಲಿ ಕಲಿಸಿದರು, ಪರೀಕ್ಷೆಗಳನ್ನೂ ನಡೆಸಿದರು. ಸಿಕ್ಕಿಬಿದ್ದರೆ ಸೆರೆಶಿಬಿರ, ಇಲ್ಲವೇ ಮರಣ. ಆದರೂ ಪಾಠ ನಿಲ್ಲಲಿಲ್ಲ.

ಈ ಕತ್ತಲೆಯಲ್ಲೇ ನಮ್ಮ ರವೀಂದ್ರನಾಥ ಠಾಕೂರರ ಹೆಸರು ಕೇಳಿಬರುತ್ತದೆ. ವಾರ್ಸಾ ನಗರದಲ್ಲಿ ಗೋಡೆ ಕಟ್ಟಿ ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿಯಲ್ಲಿ ಯಾನುಷ್ ಕೊರ್ಚಾಕ್ ಎಂಬ ವೈದ್ಯರು, ಮಕ್ಕಳಿಗಾಗಿ ಬರೆದ ಸಾಹಿತಿ, ಒಂದು ಅನಾಥಾಲಯವನ್ನು ನಡೆಸುತ್ತಿದ್ದರು. ಅಲ್ಲಿ ತಪ್ಪು-ಒಪ್ಪುಗಳನ್ನು ವಿಚಾರಿಸಲು ಮಕ್ಕಳದೇ ಒಂದು ನ್ಯಾಯಾಲಯವಿತ್ತು. ಕೊರ್ಚಾಕರೂ ಅದಕ್ಕೆ ಅಧೀನರು. ಹೊರಗೆ ಹಸಿವು, ವಿಷಮಜ್ವರ, ಬೀದಿಯಲ್ಲಿ ಹೆಣಗಳು. 1942ರ ಜುಲೈ 18ರಂದು ಆ ಮಕ್ಕಳು ‘ಡಾಕ್ ಘರ್’ ನಾಟಕವನ್ನಾಡಿದರು. ಕೋಣೆಯಿಂದ ಹೊರಗೆ ಹೋಗಲಾರದ ರೋಗಿ ಬಾಲಕ ಅಮಲ, ಕಿಟಕಿಯ ಬಳಿ ಕುಳಿತು ಅರಸನ ಓಲೆಗಾಗಿ ಕಾಯುವ ಕಥೆ ಅದು. ಗೋಡೆಯೊಳಗಿನ ಮಕ್ಕಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳುವ ಅವಕಾಶವನ್ನು ನಿರಾಕರಿಸಿ ಕೊರ್ಚಾಕರೂ, ಅವರ ಸಹೋದ್ಯೋಗಿ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರೂ ಮಕ್ಕಳೊಡನೆಯೇ ನಡೆದರು.

ಮೂರು ವಾರ ಬದುಕಲಿದ್ದ ಮಕ್ಕಳಿಗೆ ನಾಟಕದ ಮಾತುಗಳನ್ನು ಬಾಯಿಪಾಠ ಮಾಡಿಸಿ ಪ್ರಯೋಜನವೇನು ಎಂದು ಕೇಳಬಹುದು. ಪಾಠವನ್ನು ಮುಂದೆ ದೊರೆಯುವ ಉದ್ಯೋಗದಿಂದಲೇ ಅಳೆಯುವವರಿಗೆ ಇದಕ್ಕೆ ಉತ್ತರ ಹೊಳೆಯದು. ಸಾಯಿಸಲೆಂದು ಎಣಿಸಿಟ್ಟ ತಲೆಗಳಾಗಿದ್ದವರು ಆ ಕೆಲವು ದಿನಗಳ ಮಟ್ಟಿಗೆ ಅಮಲನಾದರು, ಸುಧೆಯಾದರು, ಮೊಸರು ಮಾರುವವನಾದರು; ತಮ್ಮ ಸರದಿಯ ಮಾತು ಎಲ್ಲಿ ಮರೆತುಹೋಗುವುದೋ ಎಂದು ಅಳುಕುವ ಮಕ್ಕಳಾದರು. ಬಾಲ್ಯವನ್ನು ಅವರಿಗೆ ಮರಳಿಸಿದ್ದು ಆ ಪಾಠ.

ಅದೇ 1942ರಲ್ಲಿ, ಸೋವಿಯತ್ ಸರ್ಕಾರ 1940ರಲ್ಲಿ ಸೈಬೀರಿಯಾ ಮೊದಲಾದ ಕಡೆಗಳಿಗೆ ಗಡೀಪಾರು ಮಾಡಿದ್ದ ಪೋಲಿಷ್ ಕುಟುಂಬಗಳ ನೂರಾರು ಮಕ್ಕಳು ಭಾರತಕ್ಕೆ ಬಂದರು. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರು ಬಾಲಾಚಡಿಯ ಕಡಲತೀರದಲ್ಲಿ ಅವರಿಗೆ ನೆಲೆಯೊದಗಿಸಿದರು. ನಮ್ಮ ಬೆಳಗಾವಿಗೆ ಹೆಚ್ಚು ದೂರವಲ್ಲದ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸಾವಿರಾರು ಪೋಲಿಷರು ವಾಸವಾಗಿದ್ದರು. ಎರಡೂ ಕಡೆ ಅನ್ನ, ಔಷಧಿಗಳೊಡನೆ ಶಾಲೆಯೂ ನಡೆಯಿತು. ಪೋಲಿಷ್ ಭಾಷೆಯಲ್ಲಿಯೇ ನಡೆಯಿತು. ಆಶ್ರಯ ಕೊಟ್ಟವರು ಅವರ ನುಡಿಯನ್ನು ಬಾಡಿಗೆಯಾಗಿ ಕೇಳಲಿಲ್ಲ.

ಯುದ್ಧದ ಪಾಠವನ್ನು ಪೋಲೆಂಡ್ ಮರೆಯಲಿಲ್ಲ. ಮಕ್ಕಳ ಹಕ್ಕುಗಳಿಗೆ ಜಗತ್ತಿನ ಒಪ್ಪಂದವೊಂದು ಬೇಕೆಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟುದು ಆ ದೇಶವೇ. 1989ರಲ್ಲಿ ಅದು ಅಂಗೀಕೃತವಾಯಿತು. ಆದರೂ 2023ರಲ್ಲಿ ಉಕ್ರೇನಿನ ಖಾರ್ಕಿವ್ ನಗರದ ಮಕ್ಕಳು ನೆಲದಡಿಯ ರೈಲುನಿಲ್ದಾಣಗಳಲ್ಲಿ ಕುಳಿತು ಓದಬೇಕಾಯಿತು. ಅದೇ ವರ್ಷದ ಅಕ್ಟೋಬರಿನ ಬಳಿಕ ಗಾಜಾದ ಶಾಲೆಗಳು ನಿರಾಶ್ರಿತರ ಬಿಡಾರಗಳಾದವು, ಅವುಗಳ ಮೇಲೂ ಬಾಂಬು ಬಿದ್ದಿತು.

ಯುದ್ಧಪೀಡಿತರ ನೆರವಿಗೆ ಕಳುಹಿಸುವ ಸಾಮಗ್ರಿಗಳ ಪಟ್ಟಿಯಲ್ಲಿ ಹಲಗೆ-ಬಳಪಗಳು ಸಾಮಾನ್ಯವಾಗಿ ಕೊನೆಗೆ ಬರುತ್ತವೆ. ಗೆಲ್ಲಲು ಬಂದವನು ಮಾತ್ರ ಮೊದಲು ಕೈಹಾಕುವುದು ಅವಕ್ಕೇ. ಅವುಗಳ ಬೆಲೆ ಅವನಿಗೆ ಗೊತ್ತು; ನಮಗೂ ಗೊತ್ತಿರಬೇಕು.

(ಬಾನುಲಿ ಭಾಷಣ)