ಚರ್ಚ್ ಸ್ಟ್ರೀಟಿನ ಕತ್ತಲಲ್ಲಿ ಒಂದು ಕನ್ನಡ ಕ್ಯಾಸೆಟ್ಟು

(ಕನ್ನಡ ಯುವಜನರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಪಬ್ಬಿನ ಬಗ್ಗೆ ಮಾತಾಡುತ್ತೇನೆ ಅಂದಾಗ ನಿಮ್ಮ ಸಂಘದ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು. “ಕನ್ನಡದ ವೇದಿಕೆ ಮೇಲೆ ಬಿಯರಿನ ಕಥೆ ಯಾಕೆ ಸ್ವಾಮಿ?” ಅಂದರು. ಯಾಕೆಂದರೆ ಈ ಊರಿನ ಹುಡುಗ ಹುಡುಗಿಯರ ಎಷ್ಟೋ ಸಂಜೆಗಳು ಮೂವತ್ತೈದು ವರ್ಷದಿಂದ ಅಲ್ಲೇ ಕಳೆಯುತ್ತಿವೆ. ಅವರು ಕೂತ ಕಡೆ ಅವರ ಭಾಷೆಯೂ ಕೂರಬೇಕಲ್ಲ? ಕುಡಿಯಿರಿ ಎಂದು ಹೇಳಲು ಬಂದವನಲ್ಲ ನಾನು. ಹಾಗೆ ಹೇಳಿದರೆ ನಾಳೆ ನಿಮ್ಮ ಅಪ್ಪಂದಿರು ನನ್ನ ಮನೆ ಬಾಗಿಲಿಗೆ ಬಂದಾರು.

ನಾನು ಚಾಮರಾಜಪೇಟೆಯವನು. 1990ರ ದಶಕದ ಮೊದಲ ವರ್ಷಗಳಲ್ಲಿ ನಮಗೆ ಚರ್ಚ್ ಸ್ಟ್ರೀಟ್ ಅಂದರೆ ಪರದೇಶ. ಕಬ್ಬನ್ ಪಾರ್ಕ್ ದಾಟಿದರೆ ವೀಸಾ ಕೇಳುತ್ತಾರೇನೋ ಎಂಬ ಅಳುಕು. ಈ ಅಳುಕಿಗೊಂದು ಚರಿತ್ರೆ ಇದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದ ಮೇಲೆ ಒಂದು ಊರು ಎರಡಾಯಿತು. ಈ ಕಡೆ ಪೇಟೆ, ಆ ಕಡೆ ದಂಡು. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಕಾಗದದ ಮೇಲೆ ಸೇರಿತು, ಅಷ್ಟೆ. ಪೇಟೆಯ ಹುಡುಗ ದಂಡಿಗೆ ಹೋದರೆ ನಾಲಿಗೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತಿತ್ತು. ಬರಲಿ ಬಿಡಲಿ!

ಆದರೂ ಹೋಗುತ್ತಿದ್ದೆವು. ಎಂಬತ್ತರ ದಶಕದ ಕೊನೆಯಿಂದ ಬೆಂಗಳೂರಿಗೆ ‘ಪಬ್ ಸಿಟಿ’ ಎಂಬ ಹೆಸರು ಬರತೊಡಗಿತ್ತು. ಚರ್ಚ್ ಸ್ಟ್ರೀಟಿನಲ್ಲಿ ‘ನಾಸಾ’ ಇತ್ತು. ಒಳಗೆ ಹೊಕ್ಕರೆ ಬಾಹ್ಯಾಕಾಶ ನೌಕೆ ಹತ್ತಿದ ಹಾಗೆ. ರೆಸಿಡೆನ್ಸಿ ರಸ್ತೆಯಲ್ಲಿ ‘ಬ್ಲ್ಯಾಕ್ ಕ್ಯಾಡಿಲ್ಯಾಕ್’, ಎಂ.ಜಿ. ರಸ್ತೆಯಲ್ಲಿ ಲಂಡನ್ನಿನ ಸುರಂಗ ರೈಲಿನ ವೇಷ ತೊಟ್ಟ ‘ಅಂಡರ್‌ಗ್ರೌಂಡ್’. ರೆಸ್ಟ್ ಹೌಸ್ ರಸ್ತೆಯ ‘ಪೆಕೋಸ್’ ಶುರುವಾಗಿದ್ದು 1989ರಲ್ಲಿ. ಐದು ಜನರ ಜೇಬು ಜಾಲಾಡಿದರೆ ಒಂದು ಜಗ್ ಡ್ರಾಟ್ ಬಿಯರ್. ಅದನ್ನೇ ಎರಡು ಗಂಟೆ ಗುಟುಕರಿಸಿ, ಪುಕ್ಕಟೆ ಪಾಪ್‌ಕಾರ್ನ್ ಮೂರು ಸಲ ಕೇಳಿ ತಿನ್ನುತ್ತಿದ್ದೆವು. ಬಿಯರಿಗಿಂತ ಹೆಚ್ಚಾಗಿ ಹಾಡಿಗೇ ಹೋಗುತ್ತಿದ್ದೆವು ಅಂದರೆ ನಂಬಿ. ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಡೈರ್ ಸ್ಟ್ರೈಟ್ಸ್, ಬಾಬ್ ಮಾರ್ಲಿ. ಮನೆಯ ಟೇಪ್ ರೆಕಾರ್ಡರಿನಲ್ಲಿ ಕೇಳದ ಆ ಗುಡುಗು ಎದೆಯ ಗೂಡಿಗೆ ಬಂದು ಬಡಿಯುತ್ತಿತ್ತು.

ಕೊನೇ ಬಿ.ಟಿ.ಎಸ್. ಬಸ್ಸು ತಪ್ಪಿದರೆ ಆಟೋದವನು ಒಂದೂವರೆ ಮೀಟರ್ ಅನ್ನುತ್ತಿದ್ದ. ಅಷ್ಟು ದುಡ್ಡು ಎಲ್ಲಿಂದ? ಹಡ್ಸನ್ ವೃತ್ತ, ಟೌನ್‌ಹಾಲ್, ಮಾರ್ಕೆಟ್ಟು ಎಂದು ನಡೆದೇ ಮನೆ ಸೇರುತ್ತಿದ್ದೆವು. ದಾರಿಯುದ್ದಕ್ಕೂ ಅಣ್ಣಾವ್ರ ಹಾಡು. ಇಂಗ್ಲಿಷ್ ಹಾಡು ಕೇಳಿ ಬಂದ ಬಾಯಲ್ಲಿ ಕನ್ನಡದ ಹಾಡು ಯಾಕೆ ಬರುತ್ತಿತ್ತು? ಅಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದೆವಲ್ಲ, ಅದಕ್ಕೇ.

ಒಂದು ರಾತ್ರಿ ನಮ್ಮಲ್ಲೊಬ್ಬ ಜೇಬಿನಲ್ಲಿ ಕ್ಯಾಸೆಟ್ ತಂದಿದ್ದ. 1981ರ ‘ಗೀತಾ’. ಶಂಕರ್ ನಾಗ್ ಚಿತ್ರ, ಇಳಯರಾಜ ಸಂಗೀತ. ಪಬ್ಬಿನ ಹೆಸರು ಬೇಡ. ಹಾಡು ಹಾಕುವವನ ಹತ್ತಿರ ಹೋಗಿ ಒಂದೇ ಒಂದು ಹಾಡು ಹಾಕಿ ಅಂದೆವು. ಅವನು ಕ್ಯಾಸೆಟ್ಟಿನ ಮೇಲಿನ ಅಕ್ಷರ ನೋಡಿ, ಇದು ಅಂಥಾ ಜಾಗ ಅಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ವಾಪಸು ಕೊಟ್ಟ. ಅಂಥಾ ಜಾಗ ಅಂದರೆ ಎಂಥಾ ಜಾಗ? ನಮ್ಮ ನೆಲ, ನಮ್ಮ ನೀರು, ನಮ್ಮ ದುಡ್ಡು. ಹಾಡು ಮಾತ್ರ ಹೊರಗೆ!

ಬೆಳಗ್ಗೆಯಿಂದ ನಿಂತು ನಿಂತು ಕಾಲು ಬಾತಿದ್ದ ವೇಟರ್ ಒಬ್ಬ ಇದನ್ನು ನೋಡುತ್ತಿದ್ದ. ಅಷ್ಟು ದಿನ ನಾವು ಅವನಿಗೆ ‘ಒನ್ ಮೋರ್’ ಅಂದಿದ್ದೆವು, ಅವನು ನಮಗೆ ‘ಎಸ್ ಸರ್’ ಅಂದಿದ್ದ. ಆವತ್ತು ಬಿಲ್ ತಂದಿಟ್ಟವನು ಮೆಲ್ಲಗೆ, “ಸ್ವಲ್ಪ ಕೂತ್ಕಣಿ ಮಾರಾಯ್ರೆ, ಮ್ಯಾನೇಜರ್ ಹೋಗ್ಲಿ” ಅಂದ. ಕುಂದಾಪುರದ ಕಡೆಯವನು! ಹನ್ನೊಂದು ದಾಟಿತು, ಷಟರ್ ಅರ್ಧ ಇಳಿಯಿತು, ಕುರ್ಚಿಗಳು ಮೇಜಿನ ಮೇಲೆ ಬೋರಲು ಬಿದ್ದವು. ಆಮೇಲೆ ಆ ದೊಡ್ಡ ಪೆಟ್ಟಿಗೆಗಳಿಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಹೊರಟಿತು ನೋಡಿ! ಒಳಗಿನಿಂದ ಅಡುಗೆಯವನು ಬಂದ, ನೆಲ ಒರೆಸುವವನು ಬಂದ, ಬಾಗಿಲ ಹತ್ತಿರದ ಸೆಕ್ಯೂರಿಟಿಯವನು ಬಂದ. ಒಬ್ಬ ಹಾಸನ, ಒಬ್ಬ ಮಳವಳ್ಳಿ. ಎಲ್ಲರಿಗೂ ಹಾಡು ಬಾಯಿಪಾಠ. ಇಡೀ ಪಬ್ಬಿನಲ್ಲಿ ಕನ್ನಡ ತುಂಬಿತ್ತು. ದೀಪ ಆರಿಸಿದ ಮೇಲೆ ಮಾತ್ರ ಉಸಿರು ಬಿಡುತ್ತಿತ್ತು.

ಗೋಡೆ ಮೇಲೆ ಬಾಬ್ ಮಾರ್ಲಿಯ ಪಟ ಇತ್ತು. ಜಮೈಕಾದ ಹಳ್ಳಿಯಲ್ಲಿ ಹುಟ್ಟಿದವನು. ತನ್ನ ಬೀದಿಯ ಜನ ಆಡುವ ಇಂಗ್ಲಿಷನ್ನು ತಿದ್ದಿ ತೀಡದೆ ಹಾಡಿದ. 1981ರಲ್ಲಿ ಸತ್ತ. ಅವನ ಬೀದಿಯ ಮಾತು ಚರ್ಚ್ ಸ್ಟ್ರೀಟಿಗೆ ಬಂದು ಕೂತಿತ್ತು, ಚಾಮರಾಜಪೇಟೆಯ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ಮಾರ್ಲಿಯನ್ನು ಇಳಿಸಿ ಅಂತ ನಾನು ಎಂದೂ ಹೇಳುವವನಲ್ಲ. ಪಕ್ಕದಲ್ಲಿ ಶಿಶುನಾಳ ಷರೀಫರಿಗೊಂದು ಮೊಳೆ ಹೊಡೆಯಿರಿ ಅನ್ನುತ್ತೇನೆ.

ಕನ್ನಡ ಹಾಡಿಗೆ ಜನ ಬರೋದಿಲ್ಲ ಎನ್ನುವುದು ಮಾಲೀಕರ ಹಳೇ ಪಲ್ಲವಿ. 2003ರಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದರು. 2007ರಲ್ಲಿ ಐರನ್ ಮೇಡನ್. ನಡುವೆ 2005ರಲ್ಲಿ ಅದೇ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂದು ನಿಂತಾಗ ಕಾಲಿಡಲು ಜಾಗ ಇರಲಿಲ್ಲ. ಅಲ್ಲಿ ಹಾಡಿದ್ದು ಕುವೆಂಪು, ಬೇಂದ್ರೆಯವರ ಕವಿತೆಗಳನ್ನು. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಂನಲ್ಲಿ ಷರೀಫರ ಗುಡುಗುಡಿಯ ಪದ ಗಿಟಾರಿನ ಜೊತೆ ಬಂತು. ಪಂಚೆ ಉಟ್ಟು, ಗೆಜ್ಜೆ ಕಟ್ಟಿ ಆ ಮನುಷ್ಯ ಅದನ್ನು ವಿದೇಶದ ವೇದಿಕೆಗಳಲ್ಲೂ ಹಾಡಿದರು.

ಅದೇ 2008ರಲ್ಲಿ ಬೆಂಗಳೂರಿನಲ್ಲಿ ಪರವಾನಗಿಯ ಹೆಸರಿನಲ್ಲಿ ಪೊಲೀಸರು ಪಬ್ಬುಗಳ ಹಾಡು ಕುಣಿತ ನಿಲ್ಲಿಸಿದರು. 2005ರ ಆ ಪರವಾನಗಿ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ವೇದಿಕೆ ಮುಚ್ಚಿದರೆ ಪೆಟ್ಟು ಬೀಳುವುದು ಇಂಗ್ಲಿಷ್ ಹಾಡುಗಾರನಿಗೆ ಮಾತ್ರವಲ್ಲ, ನಾಳೆ ಕನ್ನಡದಲ್ಲಿ ರಾಕ್ ಹಾಡಬೇಕಾದ ನಮ್ಮ ಹುಡುಗನಿಗೂ. ಇನ್ನು 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಸಂಸ್ಕೃತಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದರಲ್ಲ, ಅಂಥ ಕೆಲಸಕ್ಕೆ ಕನ್ನಡದ ಬಾವುಟ ಹಿಡಿದು ಯಾರಾದರೂ ಕರೆದರೆ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಿ. ನಮಗೆ ಬೇಕಾದದ್ದು ಹಾಡಿಗೆ ಜಾಗ.

ಈಗ ನವೆಂಬರ್ ಬಂದರೆ ಪಬ್ಬುಗಳಲ್ಲಿ ಕೆಂಪು ಹಳದಿ ಬಾವುಟ, ಕನ್ನಡ ಹಾಡು, ‘ಗೀತಾ’ ಕ್ಯಾಸೆಟ್ಟಿನ ಅದೇ ಹಾಡಿಗೆ ಕುಣಿತ. ಸಂತೋಷ. ಡಿಸೆಂಬರ್ ಒಂದಕ್ಕೆ ಅದೆಲ್ಲಿ ಹೋಗುತ್ತದೆ? ಹೋದ ಕಡೆ ಕನ್ನಡದಲ್ಲೇ ಕೇಳಿ. ತಂದುಕೊಡುವ ಹುಡುಗ ಇವತ್ತು ಒಡಿಶಾದವನೋ ಮಣಿಪುರದವನೋ ಇದ್ದಾನು. ಅವನ ಮೇಲೆ ರೇಗಬೇಡಿ, ಅವನೂ ಹೊಟ್ಟೆಪಾಡಿಗೆ ಬಂದವನು. ನಾಲ್ಕು ಮಾತು ಕಲಿಸಿ, ಕಲಿಯುತ್ತಾನೆ. ಜಗಳ ಏನಿದ್ದರೂ ಹಾಡಿನ ಪಟ್ಟಿ ಮಾಡುವವನ ಹತ್ತಿರ. ಅದೂ ನಗುನಗುತ್ತಾ, ಟೇಬಲಿನವರೆಲ್ಲ ಸೇರಿ.

ನಿಮ್ಮಲ್ಲಿ ಗಿಟಾರ್, ಡ್ರಮ್ ಬಾರಿಸುವವರು ಯಾರಿದ್ದೀರಿ? ಸಭೆ ಮುಗಿದ ಮೇಲೆ ಬಂದು ಸಿಗಿ. ನನ್ನ ಹತ್ತಿರ ಷರೀಫರ ಪದಗಳ ಹಳೇ ಪುಸ್ತಕ ಇದೆ, ಜೆರಾಕ್ಸ್ ಮಾಡಿಸಿಕೊಂಡು ಹೋಗಿ.